ಬಿಳಿಬಾಲದ ಜಿಂಕೆ: ಸಾರ್ವಜನಿಕ ಅರಣ್ಯದಲ್ಲಿ ಮರವೇರದೆ ಬಿಲ್ಲುಬೇಟೆ ಸಾಧ್ಯವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಹಾಯೊ ರಾಜ್ಯದ ಆಗ್ನೇಯ ಭಾಗದಲ್ಲಿರುವ ವೇನ್ ರಾಷ್ಟ್ರೀಯ ಅರಣ್ಯದಲ್ಲಿ ಈ ಶರತ್ಕಾಲದಲ್ಲಿಯೂ ಬಿಳಿಬಾಲದ ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡಬೇಕೆಂದಿದ್ದೇನೆ. ಪರವಾನಗಿ ಮತ್ತು ಜಿಂಕೆಯ ಪರ್ಮಿಟ್ ಎರಡನ್ನೂ ಪಡೆದಿದ್ದೇನೆ. ಕಾಂಪೌಂಡ್ ಬಿಲ್ಲಿನಲ್ಲಿ (ತುದಿಗಳಲ್ಲಿ ರಾಟೆಗಳಿರುವ ಆಧುನಿಕ ಬಿಲ್ಲು) 30 ಗಜದವರೆಗೆ ಗುರಿ ನಿಲ್ಲುತ್ತದೆ. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಮರಕ್ಕೆ ಕಟ್ಟುವ ಅಟ್ಟಣೆಯನ್ನು ಏರಬಾರದೆಂದು ವೈದ್ಯರು ಹೇಳಿರುವುದರಿಂದ ನೆಲದ ಮೇಲೆ ಕುಳಿತೇ ಬೇಟೆಯಾಡಬೇಕಾಗಿದೆ. ಕಳೆದ ಋತುವಿನಲ್ಲಿ ಕೆಲವು ಜಿಂಕೆಗಳು ಹತ್ತಿರದವರೆಗೆ ಬಂದು, ಥಟ್ಟನೆ ನಿಂತು, ಮುಂಗಾಲನ್ನು ನೆಲಕ್ಕೆ ಬಡಿದು, ಬಾಲವೆತ್ತಿ ಓಡಿಹೋದವು. ಇನ್ನು ಕೆಲವು ನಿಲ್ಲದೆಯೇ ತಿರುಗಿ ಮಾಯವಾದವು. ಮೈತುಂಬ ಕಾಡಿನ ಬಣ್ಣಗಳಲ್ಲಿ ಬೆರೆತುಹೋಗುವ ಕ್ಯಾಮೊ ಬಟ್ಟೆ ತೊಟ್ಟಿದ್ದರೂ ಹೀಗಾಗುವುದೇಕೆ? ಒಳಗೆ ಅಡಗಿ ಕೂರುವ ಗುಡಾರದಂಥ ಬ್ಲೈಂಡ್ ಕೊಂಡರೆ ಪ್ರಯೋಜನವಿದೆಯೇ?

ಮೊದಲ ಉತ್ತರ

ನೀವು ಹೇಳಿದ ಎರಡು ವರ್ತನೆಗಳಿಗೆ ಕಾರಣಗಳೂ ಎರಡು. ಮುಂಗಾಲು ಬಡಿಯುವ ಜಿಂಕೆ ಏನನ್ನೋ ಕಂಡಿರುತ್ತದೆ, ಆದರೆ ಅದೇನೆಂದು ಅದಕ್ಕೆ ಖಚಿತವಾಗಿರುವುದಿಲ್ಲ. ಎದುರಿಗಿರುವುದನ್ನು ಕದಲಿಸಿ ನೋಡಲೆಂದೇ ಅದು ಕಾಲು ಬಡಿಯುತ್ತದೆ. ನಿಲ್ಲದೆ ಹೋದ ಜಿಂಕೆಗಾದರೋ ಬಹುಮಟ್ಟಿಗೆ ನಿಮ್ಮ ವಾಸನೆಯೇ ತಗುಲಿರಬೇಕು, ಏಕೆಂದರೆ ಮೂಗು ಹೇಳಿದ್ದನ್ನು ಜಿಂಕೆ ಕಣ್ಣಿನಿಂದ ಪರೀಕ್ಷಿಸುವ ಗೋಜಿಗೆ ಹೋಗುವುದಿಲ್ಲ. ಮರದ ಮೇಲಿರುವವನ ವಾಸನೆ ಎಷ್ಟೋ ವೇಳೆ ಜಿಂಕೆಯ ತಲೆಯ ಮೇಲಿಂದ ತೇಲಿಹೋದರೆ, ನೆಲದ ಮೇಲಿರುವವನದು ನೇರವಾಗಿ ಅದರ ಮೂಗಿನ ಮಟ್ಟದಲ್ಲಿಯೇ ಹರಿಯುತ್ತದೆ. ಆದ್ದರಿಂದ ಬಟ್ಟೆ, ಬ್ಲೈಂಡ್ ಎಲ್ಲವೂ ಗಾಳಿಯ ನಂತರದ ಮಾತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವೇನ್ ಅರಣ್ಯ ಅಪಲಾಚಿಯನ್ ಬೆಟ್ಟಗಳ ತಪ್ಪಲಿನಲ್ಲಿರುವುದರಿಂದ ಅಲ್ಲಿ ಹವಾಮಾನ ವರದಿಯ ಗಾಳಿಯನ್ನಷ್ಟೇ ನಂಬಿ ಕೂರಲಾಗದು. ರಾತ್ರಿಯೆಲ್ಲ ತಣ್ಣಗಾದ ಗಾಳಿ ಇಳಿಜಾರಿನಲ್ಲಿ ಕೆಳಗೆ ಜಾರಿ ಕಣಿವೆಯಲ್ಲಿ ಸೇರಿರುತ್ತದೆ. ಬಿಸಿಲು ಬಿದ್ದು ಇಳಿಜಾರು ಬೆಚ್ಚಗಾದಂತೆ ಅದೇ ಗಾಳಿ ಮೇಲೇರತೊಡಗುತ್ತದೆ. ಸಂಜೆ ನೆರಳು ಆವರಿಸುತ್ತಲೇ ಮತ್ತೆ ಇಳಿಯುತ್ತದೆ. ಹೀಗಾಗಿ ಬಿಸಿಲೇರಿದ ಮೇಲೆ ಜಿಂಕೆಯ ಹಾದಿಗಿಂತ ಮೇಲೆಯೂ ಸಂಜೆ ಅದಕ್ಕಿಂತ ಕೆಳಗೆಯೂ ಕುಳಿತರೆ ನಿಮ್ಮ ವಾಸನೆ ಹಾದಿಯನ್ನು ಮುಟ್ಟದು. ಗಾಳಿಯ ದಿಕ್ಕನ್ನು ತಿಳಿಯಲು ಎಕ್ಕದ ಕುಟುಂಬಕ್ಕೇ ಸೇರಿದ ಮಿಲ್ಕ್‌ವೀಡ್ ಗಿಡದ ಬೀಜಗಳಿಗೆ ಅಂಟಿರುವ ರೇಷ್ಮೆಯಂಥ ಎಳೆಗಳಿಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಒಂದು ಎಳೆಯನ್ನು ಬಿಟ್ಟು ಕಣ್ಣಿನಿಂದ ಹಿಂಬಾಲಿಸಿ: ಮುಂದೆ ಹೋಗಿ, ಒಂದು ದೊಡ್ಡ ಮರದ ಬಳಿ ಸುಳಿದು, ಅದು ನಿಮ್ಮ ಹಿಂದಕ್ಕೇ ಮರಳುವುದೂ ಉಂಟು. ಹಾಗೆ ಸುಳಿಯುವ ಜಾಗ ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡಿ.

ಋತುವಿನ ಮೊದಲ ವಾರಗಳಲ್ಲಿ ಬಿಳಿ ಓಕ್ ಮರಗಳನ್ನು ಹುಡುಕಿ. ಅದರ ಎಲೆಯ ಅಂಚಿನ ಹಾಲೆಗಳು ದುಂಡಾಗಿರುತ್ತವೆ, ಕೆಂಪು ಓಕ್‌ನದು ಚೂಪಾಗಿರುತ್ತವೆ. ಬಿಳಿ ಓಕ್‌ನ ಕಾಯಿಯಲ್ಲಿ ಒಗರು ಕಡಿಮೆಯಾದ್ದರಿಂದ ಅದು ಉದುರುತ್ತಿರುವಷ್ಟು ಕಾಲ ಜಿಂಕೆಗಳು ಬೇರೆಡೆ ಅಷ್ಟಾಗಿ ಅಲೆಯುವುದಿಲ್ಲ. ಕಾಯಿಗಳ ಒಡೆದ ಚಿಪ್ಪು ಮತ್ತು ಇನ್ನೂ ಹೊಳಪು ಆರದ ಹಿಕ್ಕೆ ಒಂದೇ ಮರದಡಿ ಕಂಡರೆ ಅಂದೇ ಅಲ್ಲಿ ಕುಳಿತುಕೊಳ್ಳಿ.

ಎರಡನೆಯ ಉತ್ತರ

ಗಾಳಿಯ ವಿಚಾರವನ್ನು ಮೇಲಿನವರು ಸಮರ್ಪಕವಾಗಿ ಹೇಳಿದ್ದಾರೆ. ನೆಲದ ಬೇಟೆಯಲ್ಲಿ ಅದರಷ್ಟೇ ಕಠಿಣವಾದದ್ದು ಹೆದೆ ಸೆಳೆಯುವ ಕ್ಷಣ. ಕಾಲು ಬಡಿದ ಜಿಂಕೆಗಳು ಕಂಡದ್ದು ನಿಮ್ಮ ಬಟ್ಟೆಯನ್ನಲ್ಲ, ನಿಮ್ಮ ಚಲನೆಯನ್ನು ಎಂದೇ ನನ್ನ ಊಹೆ. ಜಿಂಕೆಗೆ ಕೆಂಪು ಮತ್ತು ಕಿತ್ತಳೆ ಬಣ್ಣಗಳು ನಮಗೆ ಕಾಣುವಂತೆ ಎದ್ದು ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಸುರಕ್ಷತೆಯ ಕಿತ್ತಳೆ ಅಂಗಿಗಿಂತ ಹಳೆಯ ಜೀನ್ಸ್ ಪ್ಯಾಂಟೇ ಹೆಚ್ಚು ಅಪಾಯಕಾರಿ.

ನಿಮ್ಮ ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು, ನೆರಳಿನಲ್ಲಿ, ಚಿಕ್ಕ ಸ್ಟೂಲಿನ ಮೇಲೆ ಕುಳಿತುಕೊಳ್ಳಿ. ಮಂಡಿಗೂ ಅದು ಹಿತ. ಕಾಲಡಿಯ ತರಗೆಲೆಗಳನ್ನು ಮಣ್ಣು ಕಾಣುವಷ್ಟು ಸರಿಸಿದರೆ ಪಾದ ಕದಲಿಸಿದಾಗ ಸದ್ದಾಗದು. ಮುಂದೆ ಮೊಣಕಾಲೆತ್ತರಕ್ಕೆ ಬಿದ್ದ ಒಣಕೊಂಬೆಗಳನ್ನು ಜೋಡಿಸಿದರೆ ಸಾಕು. ಹಸಿ ಕೊಂಬೆಗಳನ್ನು ಕಡಿಯಬೇಡಿ. ಹಾಗೆ ಕುಳಿತು ಹೆದೆ ಸೆಳೆದಾಗ ಬಿಲ್ಲಿನ ಕೆಳತುದಿ ನೆಲಕ್ಕಾಗಲಿ ತೊಡೆಗಾಗಲಿ ತಾಗುವುದಿಲ್ಲವೆಂಬುದನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿ ಖಚಿತಪಡಿಸಿಕೊಳ್ಳಬೇಕು. ಜಿಂಕೆಯ ತಲೆ ಮರದ ಕಾಂಡದ ಹಿಂದೆ ಮರೆಯಾದಾಗ ಮಾತ್ರ ಸೆಳೆಯಿರಿ. ಅಂಥ ಮರವೊಂದು ಹಾದಿಗೂ ನಿಮಗೂ ನಡುವೆ ಇರುವಂತೆ ಜಾಗವನ್ನು ಮೊದಲೇ ಆರಿಸಿಕೊಳ್ಳುವುದು ಬ್ಲೈಂಡ್ ಕೊಳ್ಳುವುದಕ್ಕಿಂತ ಮೇಲು, ಏಕೆಂದರೆ ಜಿಂಕೆಗಳು ಹೊಸ ಗುಡಾರಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು, ಆದರೆ ಸಾರ್ವಜನಿಕ ಜಮೀನಿನಲ್ಲಿ ಅನೇಕ ಕಡೆ ಅದನ್ನು ರಾತ್ರಿಯಿಡೀ ಬಿಟ್ಟುಬರಲು ಅನುಮತಿ ಇರುವುದಿಲ್ಲ.

ನಿಮ್ಮ 30 ಗಜವನ್ನು 20ಕ್ಕೆ ಇಳಿಸಿ ಎಂದು ಕೇಳಿಕೊಳ್ಳುತ್ತೇನೆ. ಶಬ್ದ ಸೆಕೆಂಡಿಗೆ ಸುಮಾರು 1,100 ಅಡಿ ಸಾಗಿದರೆ ಬಾಣ 270 ಅಡಿಯ ಆಸುಪಾಸಿನಲ್ಲಿ ಸಾಗುತ್ತದೆ. ಹೆದೆಯ ಸದ್ದು ಕೇಳಿದ ಜಿಂಕೆ ಓಡುವ ಮೊದಲು ಕಾಲು ಮಡಿಸಿ ಮೈಯನ್ನು ಕುಗ್ಗಿಸುತ್ತದೆ. 20 ಗಜದಲ್ಲಿ ಅದಕ್ಕೆ ಸಿಗುವ ಅವಕಾಶ ಸೆಕೆಂಡಿನ ಆರನೆಯ ಒಂದು ಭಾಗದಷ್ಟು, 30ರಲ್ಲಿ ನಾಲ್ಕನೆಯ ಒಂದು ಭಾಗದಷ್ಟು. ಜಿಂಕೆ ಪಕ್ಕೆ ತೋರಿಸಿ ನಿಂತಾಗ ಅಥವಾ ಓರೆಯಾಗಿ ನಿಮ್ಮಿಂದ ದೂರಕ್ಕೆ ಮುಖ ಮಾಡಿದಾಗ ಮಾತ್ರ ಬಾಣ ಬಿಡಿ. ನೆಲದಿಂದ ಬಿಟ್ಟ ಬಾಣ ಮಟ್ಟಸವಾಗಿ ಹೋಗುವುದರಿಂದ ಆಗ ಎರಡೂ ಶ್ವಾಸಕೋಶಗಳನ್ನು ಹಾಯುವ ಸಂಭವ ಹೆಚ್ಚು, ಇದು ಮರದವರಿಗಿಲ್ಲದ ಅನುಕೂಲ. ನಿಮಗೆ ಎದುರಾಗಿ ನಿಂತ ಜಿಂಕೆಯ ಮೇಲೆ, ಅದು ಎಷ್ಟೇ ಹತ್ತಿರವಿದ್ದರೂ, ಬಾಣ ಬಿಡುವುದು ತಪ್ಪು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬ್ಲೈಂಡ್ ಕೊಳ್ಳುವ ಯೋಚನೆಯನ್ನು ಕೈಬಿಟ್ಟೆ. ಬಾಣ ತಗುಲಿದ ಮೇಲೆ ಎಷ್ಟು ಹೊತ್ತು ಕಾದು ಹಿಂಬಾಲಿಸಬೇಕೆಂಬುದನ್ನೂ ದಯವಿಟ್ಟು ತಿಳಿಸಿ.

ಮೂರನೆಯ ಉತ್ತರ

ಅದನ್ನು ಬಾಣವೇ ಹೇಳುತ್ತದೆ. ನೊರೆಗೂಡಿದ ತಿಳಿಗೆಂಪು ರಕ್ತವಿದ್ದರೆ ಶ್ವಾಸಕೋಶಕ್ಕೆ ತಗುಲಿದೆ, ಅರ್ಧ ಗಂಟೆ ಸಾಕು. ಕಡುಗೆಂಪಾಗಿದ್ದರೆ ಯಕೃತ್ತಿಗೆ ತಗುಲಿರಬಹುದು, ಕನಿಷ್ಠ ನಾಲ್ಕು ಗಂಟೆ ಕಾಯಿರಿ. ಬಾಣಕ್ಕೆ ಹಸಿರು ಮೇವಿನ ಚೂರು ಅಂಟಿ ದುರ್ವಾಸನೆ ಬಂದರೆ ಸದ್ದಿಲ್ಲದೆ ಹಿಂದಿರುಗಿ ಎಂಟರಿಂದ ಹನ್ನೆರಡು ಗಂಟೆ ಬಿಡಬೇಕು. ಆತುರಪಟ್ಟು ಎಬ್ಬಿಸಿದ ಜಿಂಕೆ ಬಹಳ ದೂರ ಹೋಗಿ, ನರಳಿ, ಯಾರಿಗೂ ಸಿಗದೆ ಸಾಯುತ್ತದೆ.

ನವೆಂಬರ್‌ನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಸೋಮವಾರ ಒಹಾಯೊದಲ್ಲಿ ಬಂದೂಕಿನ ವಾರ ಆರಂಭವಾಗುತ್ತದೆ. ಆಗ ಬಿಲ್ಲಿನವರೂ ಕಿತ್ತಳೆ ಅಂಗಿ ತೊಡುವುದು ಕಡ್ಡಾಯ, ಪೊದೆಯ ಮರೆಯಲ್ಲಿ ಕೂರುವ ನಿಮಗಂತೂ ಪ್ರಾಣರಕ್ಷಣೆಯ ವಿಷಯ. ಇನ್ನು ವೇನ್ ಅರಣ್ಯ ಒಂದೇ ತುಂಡಾಗಿಲ್ಲ, ನಡುನಡುವೆ ಖಾಸಗಿ ಜಮೀನುಗಳಿವೆ. ಗಾಯಗೊಂಡ ಜಿಂಕೆ ಅಲ್ಲಿಗೆ ಹೋದರೆ ಮಾಲೀಕರ ಅನುಮತಿಯಿಲ್ಲದೆ ನೀವು ಗಡಿ ದಾಟುವಂತಿಲ್ಲ. ಶ್ವಾಸಕೋಶಕ್ಕೆ ಪೆಟ್ಟು ಬಿದ್ದ ಜಿಂಕೆಯೂ ನೂರು ಗಜ ಓಡಬಲ್ಲದು. ಗಡಿ ಗುರುತಿಸಿದ ನಕ್ಷೆಯನ್ನು ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತೆ ಫೋನಿನಲ್ಲಿ ಉಳಿಸಿಕೊಂಡು, ಗಡಿಯಿಂದ 200 ಗಜವಾದರೂ ಒಳಗೆ ಕುಳಿತುಕೊಳ್ಳಿ.