ಬೀಟೆ ಮರದ ಡೆಸ್ಕಿಗೆ ಪಾಲಿಶ್ ಹಚ್ಚಿದೆ, ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿದೆ

ಪ್ರಶ್ನೆ (ಸಾಗರ, ಜುಲೈ)

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ಶಾನುಭೋಗರಾಗಿದ್ದರು. ಅವರು ನೆಲದ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಡೆಸ್ಕು ಅಟ್ಟದಲ್ಲಿತ್ತು. 1963ರಲ್ಲಿ ಶಾನುಭೋಗಿಕೆ ಹೋದ ಮೇಲೂ ಅಡಿಕೆ ಲೆಕ್ಕ ಅದರ ಮೇಲೇ ಬರೆಯುತ್ತಿದ್ದರಂತೆ. ಕೆಳಗಿಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾರನೇ ದಿನ ಚಪಡಾ ಪಾಲಿಶ್ ಹಚ್ಚಿದೆ. ಆಗ ಚೆನ್ನಾಗಿ ಮಿಂಚುತ್ತಿತ್ತು. ಊಟ ಮುಗಿಸಿ ಬರುವಷ್ಟರಲ್ಲಿ ಮುಚ್ಚಳದ ತುಂಬಾ ಬಿಳಿ ಮಬ್ಬು! ಒಂದು ಮೂಲೆಯಲ್ಲಿ ಸ್ಪಿರಿಟ್ ಹಾಕಿ ಉಜ್ಜಿದರೆ ಬಟ್ಟೆಯೆಲ್ಲ ನೇರಳೆ. ಯಾವುದೋ ಸಾದಾ ಮರಕ್ಕೆ ಬಣ್ಣ ಬಳಿದು ಬೀಟೆ ಅಂದಿದ್ದಾರಾ? ಬಲಗಡೆ ಶಾಯಿ ಕಲೆ ಬೇರೆ ಇದೆ. ಅದನ್ನು ತೆಗೆಯುವುದು ಹೇಗೆ?

ಉತ್ತರ 1

ಮಷೀನ್ ಹಾಕಿ ಪೂರ್ತಿ ಉಜ್ಜಿಸಿ, ಮೇಲೆ ಪಿಯು (ಪಾಲಿಯುರೆಥೇನ್ ವಾರ್ನಿಶ್) ಹೊಡೆಸಿಬಿಡಿ ಸರ್. ಆಮೇಲೆ ತಲೆನೋವಿಲ್ಲ.

ಉತ್ತರ 2

ದಯವಿಟ್ಟು ಮಷೀನ್ ಬೇಡ. ಅಷ್ಟು ವರ್ಷ ಕೈ ಆಡಿ ಬಂದ ಬಣ್ಣ ಐದು ನಿಮಿಷದಲ್ಲಿ ಪುಡಿಯಾಗಿ ಹೋಗುತ್ತದೆ. ಬೀಟೆಯಲ್ಲಿ ಎಣ್ಣೆಯಂಶ ಜಾಸ್ತಿ, ಅದರ ಮೇಲೆ ಪಿಯು ಕೆಲವೊಮ್ಮೆ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ.

ನೇರಳೆ ನೋಡಿ ಹೆದರಬೇಡಿ. ಬೀಟೆಯ ಸ್ವಂತ ಬಣ್ಣವೇ ಸ್ಪಿರಿಟ್‌ನಲ್ಲಿ ಕರಗಿ ಬರುತ್ತದೆ. ಮರ ಅಸಲಿ ಅನ್ನುವುದಕ್ಕೆ ಅದೂ ಒಂದು ಗುರುತು.

ಬಿಳಿ ಮಬ್ಬಿಗೆ ಕಾರಣ ನಿಮ್ಮೂರ ಮಳೆ. ಚಪಡಾ ಅಂದರೆ ಅರಗು, ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಸ್ಪಿರಿಟ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂರುತ್ತದೆ. ಆ ನೀರು ಪಾಲಿಶ್‌ನಲ್ಲಿ ಸಿಕ್ಕಿಕೊಂಡಿದೆ, ಅಷ್ಟೇ. ಹಪ್ಪಳ ಒಣಗುವಂಥ ಬಿಸಿಲು ಬರುವವರೆಗೆ ಸುಮ್ನೆ ಬಿಡಿ. ಈಗ ಇನ್ನೊಂದು ಕೋಟ್ ಹಚ್ಚಿದರೆ ಅದೂ ಬೆಳ್ಳಗಾಗುತ್ತದೆ.

ಬಿಸಿಲು ಬಂದಾಗ ಹೊಸ ಬಾಟಲಿ ಸ್ಪಿರಿಟ್ ತನ್ನಿ. ಬಾಯಿ ತೆರೆದಿಟ್ಟ ಹಳೆಯದು ಗಾಳಿಯ ನೀರು ಕುಡಿದಿರುತ್ತದೆ. ಹತ್ತಿ ಉಂಡೆಯನ್ನು ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿ, ಅದ್ದಿ, ಚೆನ್ನಾಗಿ ಹಿಂಡಿ. ಅಂಗೈ ಹಿಂಭಾಗಕ್ಕೆ ತಾಗಿಸಿದರೆ ತಂಪು ಅನಿಸಬೇಕು, ಒದ್ದೆ ಆಗಬಾರದು. ಮರದ ಎಳೆಯ ಉದ್ದಕ್ಕೆ ಒಂದೇ ಸಲ ಸವರಿಕೊಂಡು ಹೋಗಿ. ನಡುವೆ ನಿಂತಿರೋ, ಬಟ್ಟೆ ಅಲ್ಲೇ ಕಚ್ಚಿ ಪಾಲಿಶ್ ಕಿತ್ತು ಬರುತ್ತದೆ. ಅರಗು ಮತ್ತೆ ಕರಗಿ ನೀರು ಆರಿಹೋಗುತ್ತದೆ. ಹತ್ತಿರ ದೀಪ, ಒಲೆ ಇರಬಾರದು. ಆಮೇಲೆ ಬೇಕಿದ್ದರೆ ತೆಳು ಕೋಟ್ ಕೊಡಿ. 100 ಗ್ರಾಂ ಚಪಡಾಕ್ಕೆ ಅರ್ಧ ಲೀಟರ್ ಸ್ಪಿರಿಟ್ ಸಾಕು. ಕರಗಿಸಿ ವರ್ಷಗಟ್ಟಲೆ ಇಟ್ಟದ್ದು ಗಟ್ಟಿಯಾಗಿ ಒಣಗಲ್ಲ, ಅಂಗಡಿಯ ಡಬ್ಬಿ ಎಷ್ಟು ಹಳೆಯದೋ ಕೇಳಿ ನೋಡಿ.

ಶಾಯಿ ಕಲೆ ಆಕ್ಸಾಲಿಕ್ ಆಸಿಡ್‌ಗೆ ಬಿಡಬಹುದು. ಆದರೆ ಅಲ್ಲಿ ಮರವೂ ಬಣ್ಣಗೆಟ್ಟು ಪೇಲವವಾಗಿ ಕಾಣುತ್ತದೆ. ನನ್ನದಾಗಿದ್ದರೆ ಮುಟ್ಟುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು (ಡಿಸೆಂಬರ್)

ಮಬ್ಬು ಹೋಯಿತು! ಎರಡನೇ ಸಲ ಸವರುವಾಗಲೇ ಕಪ್ಪು ಗೆರೆಗಳು ಎದ್ದು ಬಂದವು. ಆಸಿಡ್ ತಂದಿದ್ದೆ. ಅಮ್ಮ ನೋಡಿ, "ಅಪ್ಪ ಪೆನ್ನು ಕೊಡವುತ್ತಿದ್ದ ಜಾಗ ಅದು, ಬಿಡೋ" ಅಂದರು. ಡಬ್ಬಿ ಹಾಗೇ ಇದೆ. ಎಡ ಬದಿಯಲ್ಲಿ ಕೈ ನಿಂತು ಪಾಲಿಶ್ ಕಿತ್ತ ಕಡೆ ಒಂದು ಗುರುತು ಉಳಿದಿದೆ. ಆ ಬದಿಯನ್ನು ಗೋಡೆ ಕಡೆ ತಿರುಗಿಸಿಟ್ಟಿದ್ದೇನೆ.