ಪ್ರತಿ ಅನ್‌ಮ್ಯಾಪ್‌ಗೂ ಐಒಟಿಎಲ್‌ಬಿ ಫ್ಲಶ್: ತಪ್ಪಿಸೋದು ಹೇಗೆ?

ಪ್ರಶ್ನೆ:
ಲಿನಕ್ಸ್‌ನಲ್ಲಿ ಒಂದು ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್ ಬರೆಯುತ್ತಿದ್ದೇನೆ. ಇಂಟೆಲ್ ಸರ್ವರ್, ವಿಟಿ-ಡಿ (ಇಂಟೆಲ್‌ನ ಐಒಎಂಎಂಯು, ಅಂದರೆ ಡಿವೈಸ್ ಬಳಸುವ ವಿಳಾಸಗಳನ್ನು ಅನುವಾದಿಸಿ, ಅದು ಯಾವ ಮೆಮೊರಿ ಮುಟ್ಟಬಹುದು ಅಂತ ಕಾಯುವ ಹಾರ್ಡ್‌ವೇರ್) ಆನ್ ಇದೆ. ಟ್ರಾಫಿಕ್ ಜಾಸ್ತಿ ಆದರೆ ಪರ್ಫ್‌ನಲ್ಲಿ (ಸಿಪಿಯು ಸಮಯ ಎಲ್ಲಿ ಹೋಗುತ್ತಿದೆ ಅಂತ ತೋರಿಸುವ ಟೂಲ್) ಎಲ್ಲಕ್ಕಿಂತ ಮೇಲೆ ಕಾಣುವುದು ಕ್ಯೂಐ_ಸಬ್ಮಿಟ್_ಸಿಂಕ್ ಎಂಬ ಕರ್ನಲ್ ಫಂಕ್ಷನ್. ಪ್ರತಿ ಪ್ಯಾಕೆಟ್‌ಗೂ ಅದರ ಮೆಮೊರಿಯನ್ನು ಕಾರ್ಡಿಗೆ ತೆರೆದು (ಮ್ಯಾಪ್), ಕೆಲಸ ಮುಗಿದ ಮೇಲೆ ಮುಚ್ಚುತ್ತೇನೆ (ಅನ್‌ಮ್ಯಾಪ್), ಅದಕ್ಕೇ ಇರಬೇಕು ಅಲ್ವಾ? ಐಒಎಂಎಂಯು ಆಫ್ ಮಾಡಿ ಅಂತ ಮಾತ್ರ ಹೇಳಬೇಡಿ.

ಉತ್ತರ 1:
ಹೌದು, ಅದೇ. ಸ್ಟ್ರಿಕ್ಟ್ ಮೋಡ್‌ನಲ್ಲಿ ಪ್ರತಿ ಅನ್‌ಮ್ಯಾಪ್‌ಗೂ ಸಿಪಿಯು, ಐಒಟಿಎಲ್‌ಬಿಯಿಂದ (ಐಒಎಂಎಂಯು ವಿಳಾಸದ ಅನುವಾದಗಳನ್ನು ಇಟ್ಟುಕೊಳ್ಳುವ ಕ್ಯಾಶ್) ಹಳೇ ಅನುವಾದ ಅಳಿಸುವ ಇನ್‌ವ್ಯಾಲಿಡೇಶನ್ ಕಮಾಂಡನ್ನು ಕ್ಯೂಗೆ ಹಾಕಿ, ಹಾರ್ಡ್‌ವೇರ್ ಮುಗಿಸುವವರೆಗೆ ಸುಮ್ನೆ ಲೂಪ್‌ನಲ್ಲಿ ಕಾಯುತ್ತದೆ, ಮೇಲಾಗಿ ಆ ಕ್ಯೂಗೆ ಲಾಕ್ ಬೇರೆ ಇರುವುದರಿಂದ ಕೋರ್‌ಗಳು ಜಾಸ್ತಿ ಇದ್ದಷ್ಟೂ ಕಿತ್ತಾಟ ಜಾಸ್ತಿ. ಬೂಟ್ ಮಾಡುವಾಗ ಐಒಎಂಎಂಯು.ಸ್ಟ್ರಿಕ್ಟ್=0 ಕೊಟ್ಟು ನೋಡಿ, ಇದೇ ಲೇಜಿ ಮೋಡ್. ಆಗ ಅನ್‌ಮ್ಯಾಪ್‌ಗಳು ಫ್ಲಶ್ ಕ್ಯೂನಲ್ಲಿ ಸೇರುತ್ತವೆ. ಕ್ಯೂ ತುಂಬಿದಾಗ, ಇಲ್ಲವೇ 10 ಮಿಲಿಸೆಕೆಂಡಿನ ಟೈಮರ್ ಮುಗಿದಾಗ ಒಟ್ಟಿಗೇ ಫ್ಲಶ್.

ಉತ್ತರ 2:
ಲೇಜಿ ಮೋಡ್ ಹಾಕುವ ಮುಂಚೆ ಸ್ವಲ್ಪ ಯೋಚಿಸಿ. ಫ್ಲಶ್ ಆಗುವವರೆಗೆ ಡಿವೈಸ್ ಹಳೇ ವಿಳಾಸದಿಂದಲೇ ಆ ಮೆಮೊರಿ ಮುಟ್ಟಬಹುದು, ಅಷ್ಟರಲ್ಲಿ ಆ ಪೇಜ್ ಕರ್ನಲ್‌ನಲ್ಲಿ ಬೇರೆ ಯಾರ ಕೈಗೋ ಹೋಗಿರುತ್ತದೆ. ನನ್ನ ಕೇಳಿದರೆ ಅನ್‌ಮ್ಯಾಪ್ ಮಾಡುವುದನ್ನೇ ಬಿಡಿ. ಆರ್‌ಎಕ್ಸ್‌ಗೆ (ಪ್ಯಾಕೆಟ್ ಬರುವ ಕಡೆ) ಪೇಜ್ ಪೂಲ್ (ಪೇಜ್‌ಗಳನ್ನು ಮತ್ತೆ ಮತ್ತೆ ಬಳಸುವ ಕರ್ನಲ್ ವ್ಯವಸ್ಥೆ) ಬಳಸಿ, ಪಿಪಿ_ಫ್ಲ್ಯಾಗ್_ಡಿಎಂಎ_ಮ್ಯಾಪ್ ಹಾಕಿ. ಪೇಜ್ ಒಮ್ಮೆ ಮ್ಯಾಪ್ ಆಗಿ ಪೂಲ್‌ನಲ್ಲೇ ಸುತ್ತುತ್ತಿರುತ್ತದೆ, ಸಿಂಕ್ (ಸಿಪಿಯು, ಡಿವೈಸ್ ಎರಡಕ್ಕೂ ಒಂದೇ ಡೇಟಾ ಕಾಣುವಂತೆ) ಮಾಡಿದರೆ ಸಾಕು. ಪ್ಯಾಕೆಟನ್ನು ಮೇಲಕ್ಕೆ ಕಳಿಸುವಾಗ ಎಸ್‌ಕೆಬಿ_ಮಾರ್ಕ್_ಫಾರ್_ರೀಸೈಕಲ್ ಕರೆಯಲು ಮರೆಯಬೇಡಿ, ಇಲ್ಲದಿದ್ದರೆ ಪೇಜ್ ಪೂಲ್‌ಗೆ ವಾಪಸ್ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಟಿಎಕ್ಸ್ (ಪ್ಯಾಕೆಟ್ ಕಳಿಸುವ) ಕಡೆ?

ಉತ್ತರ 2:
ಅಲ್ಲಿ ಪೇಜ್‌ಗಳು ಮೇಲಿನ ಲೇಯರ್‌ನಿಂದ ಬರುತ್ತವೆ, ಈ ಉಪಾಯ ನಡೆಯುವುದಿಲ್ಲ. ಸಣ್ಣ ಪ್ಯಾಕೆಟ್ ಆದರೆ ಮೊದಲೇ ಮ್ಯಾಪ್ ಮಾಡಿಟ್ಟ ಬಫರ್‌ಗೆ ಕಾಪಿ ಮಾಡಿ, ಫ್ಲಶ್‌ಗೆ ಕಾಯುವುದಕ್ಕಿಂತ ಅದೇ ಬೇಗ ಮುಗಿಯುತ್ತದೆ. ದೊಡ್ಡವಕ್ಕೆ ಎಷ್ಟು ಸೈಜ್‌ವರೆಗೆ ಕಾಪಿ ಲಾಭ ಅಂತ ನಿಮ್ಮ ಮಷೀನ್‌ನಲ್ಲೇ ಅಳೆದು ನೋಡಿ.