ಭಾನುವಾರದ ಮಿಶ್ರ ಕರ್ಲಿಂಗ್ ಲೀಗಿನ ನಿಯಮಗಳು: ಅಂಪೈರ್ ಮೇಡಂ ಅವರೊಂದಿಗೆ ಪ್ರಶ್ನೋತ್ತರ

ನಿರ್ವಾಹಕಿ: ಬಳಗದವರಿಗೆಲ್ಲ ನಮಸ್ಕಾರ. ಒಂಟಾರಿಯೊದ ನಮ್ಮ ಕನ್ನಡ ಕುಟುಂಬಗಳ ಭಾನುವಾರದ ಮಿಶ್ರ ಕರ್ಲಿಂಗ್ (ಐಸಿನ ಮೇಲೆ ಕಲ್ಲು ಜಾರಿಸಿ ಗುರಿಯ ವೃತ್ತದೊಳಗೆ ನಿಲ್ಲಿಸುವ ಆಟ) ಲೀಗು ಆರಂಭವಾಗಿ ಐದು ವಾರಗಳಾದವು. ಎಂಟು ತಂಡಗಳು, ತಂಡಕ್ಕೆ ಇಬ್ಬರು ಗಂಡಸರು ಮತ್ತು ಇಬ್ಬರು ಹೆಂಗಸರು, ಬಾಡಿಗೆಗೆ ಹಿಡಿದ ನಾಲ್ಕು ಶೀಟು (ಆಡುವ ಐಸಿನ ಪಟ್ಟಿ), ಎರಡು ಗಂಟೆಯ ಸಮಯ – ಇಷ್ಟೇ ನಾವು ಬರೆದುಕೊಂಡಿದ್ದ ನಿಯಮ. ಉಳಿದದ್ದನ್ನು ಆಡುತ್ತ ಆಡುತ್ತ ಬಗೆಹರಿಸಿಕೊಳ್ಳಬಹುದೆಂದು ಭಾವಿಸಿದ್ದು ತಪ್ಪಾಯಿತು. ಕ್ಲಬ್ಬಿನಲ್ಲಿ ಹದಿನೆಂಟು ವರ್ಷಗಳಿಂದ ಲೀಗ್ ನಡೆಸುತ್ತಿರುವ, ತರಬೇತಿ ಪಡೆದ ಅಂಪೈರ್ ಆಗಿರುವ ಶಿವಮೊಗ್ಗದ ಮೇಡಂ ಅವರು ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳಬೇಡಿ.

ಹಾಸನದ ಸದಸ್ಯ: ಮೇಡಂ, ನಮಸ್ಕಾರ. ಕೊನೆಯ ಕಲ್ಲನ್ನು ಎಸೆಯುವ ಹಕ್ಕು, ಅಂದರೆ ಹ್ಯಾಮರ್, ಪ್ರತಿ ಎಂಡಿನಲ್ಲಿ (ಎರಡೂ ತಂಡ ತಲಾ ಎಂಟು ಕಲ್ಲು ಎಸೆಯುವ ಸುತ್ತಿನಲ್ಲಿ) ಯಾರದ್ದಾಗಿರುತ್ತದೆ?

ಅಂಪೈರ್ ಮೇಡಂ: ನಮಸ್ಕಾರ. ಮೊದಲ ಎಂಡಿಗೆ ನಾಣ್ಯ ಚಿಮ್ಮಿ ನಿರ್ಧರಿಸಿಕೊಳ್ಳಿ. ಆಮೇಲೆ ಯಾವ ತಂಡ ಅಂಕ ಗಳಿಸುತ್ತದೆಯೋ ಅದು ಮುಂದಿನ ಎಂಡಿನಲ್ಲಿ ಹ್ಯಾಮರನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಯಾರಿಗೂ ಅಂಕ ಬಾರದೆ ಎಂಡ್ ಬ್ಲ್ಯಾಂಕ್ ಆದರೆ, ಯಾರ ಬಳಿ ಇತ್ತೋ ಅವರ ಬಳಿಯೇ ಉಳಿಯುತ್ತದೆ.

ತುಮಕೂರಿನ ಸದಸ್ಯೆ: ಕಳೆದ ವಾರ ನಮ್ಮ ತಂಡದ ಒಬ್ಬ ಹೆಂಗಸಿಗೆ ಜ್ವರ ಬಂದಿತ್ತು. ಇಬ್ಬರು ಗಂಡಸರು ಮತ್ತು ನಾನು ಮಾತ್ರ ಇದ್ದೆವು. ಎದುರು ತಂಡದವರು, ಮಿಶ್ರ ಲೀಗ್ ಎಂದ ಮೇಲೆ ಇಬ್ಬರು ಹೆಂಗಸರು ಇರಲೇಬೇಕು, ಇಲ್ಲದಿದ್ದರೆ ಪಂದ್ಯ ನಮ್ಮದು ಎಂದು ಪಟ್ಟು ಹಿಡಿದರು. ಇದು ಸರಿಯೆ?

ಅಂಪೈರ್ ಮೇಡಂ: ಈ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಆರಂಭವಾದ ವಿಶ್ವ ಮಿಶ್ರ ಚಾಂಪಿಯನ್‌ಶಿಪ್‌ನಲ್ಲಿ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಇರಬೇಕು, ಗಂಡು ಹೆಣ್ಣು ಒಬ್ಬರಾದ ಮೇಲೆ ಒಬ್ಬರು ಎಸೆಯಬೇಕು ಎಂಬುದು ನಿಯಮ. ಕೆನಡಾದಲ್ಲಂತೂ ರಾಷ್ಟ್ರೀಯ ಮಿಶ್ರ ಪಂದ್ಯಾವಳಿ 1964ರಿಂದಲೇ ನಡೆಯುತ್ತಿದೆ. ಆದರೆ ಅದು ಪದಕಕ್ಕಾಗಿ ಆಡುವವರ ನಿಯಮ; ಭಾನುವಾರ ಸಂಜೆ ಆಡಿ, ಬಿಸಿ ಕಾಫಿ ಕುಡಿದು ಮನೆಗೆ ಹೋಗುವವರ ಮೇಲೆ ಅದನ್ನು ಹಾಗೆಯೇ ಹೇರಿದರೆ, ಒಂದು ಮಗುವಿಗೆ ನೆಗಡಿಯಾದ ದಿನ ಎಂಟು ಜನರ ಆಟ ನಿಲ್ಲುತ್ತದೆ.

ಮೂವರಿದ್ದರೆ ಆಡಬಹುದು. ಮೊದಲ ಇಬ್ಬರು ತಲಾ ಮೂರು ಕಲ್ಲು, ಸ್ಕಿಪ್, ಅಂದರೆ ತಂಡದ ನಾಯಕರು, ಎರಡು ಕಲ್ಲು ಎಸೆದರೆ ಎಂಟರ ಲೆಕ್ಕ ಸರಿಯಾಗುತ್ತದೆ. ಇಬ್ಬರು ಗಂಡಸರಿದ್ದಲ್ಲಿ ಹೆಂಗಸನ್ನು ನಡುವೆ ನಿಲ್ಲಿಸಿ, ಸರದಿ ಉಳಿಯುತ್ತದೆ. ಇದಕ್ಕೆ ಬೇರೆ ದಂಡ ಬೇಡ, ಏಕೆಂದರೆ ದಂಡ ಆಟದೊಳಗೇ ಇದೆ: ಒಬ್ಬರು ಎಸೆಯುತ್ತಿರುವಾಗ ಇನ್ನೊಬ್ಬರು ಹೌಸಿನಲ್ಲಿ, ಅಂದರೆ ಗುರಿಯ ವೃತ್ತದಲ್ಲಿ, ಬ್ರಶ್ ಹಿಡಿದು ಗುರಿ ತೋರಿಸಬೇಕು, ಹಾಗಾಗಿ ಸ್ವೀಪ್ ಮಾಡಲು (ಓಡುವ ಕಲ್ಲಿನ ಮುಂದೆ ಐಸನ್ನು ಉಜ್ಜಲು) ಉಳಿಯುವುದು ಒಬ್ಬರೇ. ಹಗುರವಾಗಿ ಬಿಟ್ಟ ಕಲ್ಲನ್ನು ಒಂದೇ ಬ್ರಶ್ಶಿನಿಂದ ಎಳೆದು ತರುವುದು ಎಷ್ಟು ಕಷ್ಟವೆಂದು ನಿಮಗೆ ಕಳೆದ ವಾರವೇ ತಿಳಿದಿರುತ್ತದೆ.

ಸ್ಪೇರ್ ಆಟಗಾರರ ಪಟ್ಟಿಯೊಂದನ್ನು ಇಂದೇ ಮಾಡಿಡಿ. ಹೆಂಗಸಿನ ಬದಲಿಗೆ ಹೆಂಗಸು, ಗಂಡಸಿನ ಬದಲಿಗೆ ಗಂಡಸು ಸಿಗದಿದ್ದರೆ, ಎದುರು ತಂಡದ ಸ್ಕಿಪ್ ಒಪ್ಪಿದಲ್ಲಿ ಯಾರಾದರೂ ಆಡಲಿ. ಆದರೆ ಸ್ಪೇರ್ ಬಂದವರು ಲೀಡ್ (ಮೊದಲು ಎಸೆಯುವವರು) ಅಥವಾ ಸೆಕೆಂಡ್ (ಎರಡನೆಯವರು) ಸ್ಥಾನದಲ್ಲೇ ಆಡಬೇಕು. ಈ ಕೊನೆಯ ಮಾತನ್ನು ಬರೆದಿಡದಿದ್ದರೆ, ಫೈನಲ್ ದಿನ ಇಪ್ಪತ್ತು ವರ್ಷ ಆಡಿದವರೊಬ್ಬರು ‘ಸ್ಪೇರ್’ ಎಂದು ಬಂದು ಸ್ಕಿಪ್ ಆಗಿ ನಿಲ್ಲುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಮೈಸೂರಿನ ಸದಸ್ಯ: ಸರದಿ ಬದಲಾಯಿಸಬಾರದೆಂಬ ಕಟ್ಟುಪಾಡು ನಮ್ಮಂತಹ ಹೊಸಬರಿಗೆ ಅಗತ್ಯವೆ? ನಮ್ಮ ತಂಡದಲ್ಲಿ ಹೆಂಗಸರಿಬ್ಬರೂ ಲೀಡ್ ಮತ್ತು ಸೆಕೆಂಡ್ ಆಡುತ್ತಾರೆ, ಅನುಭವವಿರುವ ನಾವಿಬ್ಬರು ಕೊನೆಯ ನಾಲ್ಕು ಕಲ್ಲುಗಳನ್ನು ಎಸೆಯುತ್ತೇವೆ. ಯಾರಿಗೂ ಬೇಸರವಿಲ್ಲ.

ಧಾರವಾಡದ ಸದಸ್ಯೆ: ಯಾರಿಗೂ ಬೇಸರವಿಲ್ಲವೆಂದು ಯಾರನ್ನು ಕೇಳಿದಿರಿ? ನಾನು ಆ ತಂಡದ ಲೀಡ್. ಐದು ವಾರಗಳಲ್ಲಿ ಒಮ್ಮೆಯೂ ಹೌಸಿನಲ್ಲಿ ನಿಂತು ಬ್ರಶ್ ತೋರಿಸುವ ಅವಕಾಶ ನನಗೆ ಸಿಕ್ಕಿಲ್ಲ.

ಮೈಸೂರಿನ ಸದಸ್ಯ: ಮನೆಯಲ್ಲಿ ಹೇಳಬಹುದಾಗಿದ್ದ ಮಾತನ್ನು ಇಲ್ಲಿ ಹೇಳುವ ಅಗತ್ಯವಿರಲಿಲ್ಲ.

ಅಂಪೈರ್ ಮೇಡಂ: ಲೆಕ್ಕ ಹಾಕಿ ನೋಡಿ. ಲೀಡ್ ಆದವರು ಒಂದು ಎಂಡಿನಲ್ಲಿ ಆರು ಕಲ್ಲುಗಳಿಗೆ ಸ್ವೀಪ್ ಮಾಡುತ್ತಾರೆ, ಸೆಕೆಂಡ್ ಕೂಡ ಆರು, ಮೂರನೆಯವರಾಗಿ ಎಸೆಯುವ ವೈಸ್ ನಾಲ್ಕು, ಸ್ಕಿಪ್ ಬಹುಮಟ್ಟಿಗೆ ಸೊನ್ನೆ. ಆರು ಎಂಡಿನ ಆಟದಲ್ಲಿ ಲೀಡ್ ಮೂವತ್ತಾರು ಸಲ ಬ್ರಶ್ ಹಿಡಿದು ಓಡಬೇಕು. ಶೀಟಿನ ಎರಡು ತುದಿಗಳ ಕಡೆ ಅಡ್ಡಲಾಗಿ ಎಳೆದ ಹಾಗ್ ಲೈನುಗಳ ನಡುವಿನ ದೂರವೇ 72 ಅಡಿ. ದುಡಿತವೆಲ್ಲ ಇಬ್ಬರಿಗೆ, ತೀರ್ಮಾನವೆಲ್ಲ ಇನ್ನಿಬ್ಬರಿಗೆ ಎಂದು ಹಂಚಿದ ಮೇಲೆ ಅದನ್ನು ಮಿಶ್ರ ಲೀಗ್ ಎನ್ನುವುದೇಕೆ? ಗಂಡು ಹೆಣ್ಣು ಸರದಿಯಂತೆ ಎಸೆದರೆ ಸ್ಕಿಪ್ ಮತ್ತು ವೈಸ್ ಇಬ್ಬರಲ್ಲಿ ಒಬ್ಬರು ಹೆಂಗಸು ತಾನಾಗಿಯೇ ಆಗುತ್ತಾರೆ. ಸರದಿಯನ್ನು ಕಡ್ಡಾಯ ಮಾಡಿ ಎಂಬುದು ನನ್ನ ಸಲಹೆ.

ದಾವಣಗೆರೆಯ ಸದಸ್ಯ: ಹ್ಯಾಮರ್ ಯಾರಿಗೆ ಹೋಗುತ್ತದೆಂದು ದಯವಿಟ್ಟು ತಿಳಿಸಿ.

ಅಂಪೈರ್ ಮೇಡಂ: ಮೇಲೆ ಇದೆ.

ಮಂಗಳೂರಿನ ಸದಸ್ಯ: ಮೇಲಿನ ಉತ್ತರದಲ್ಲಿ ತಪ್ಪಿದೆ ಎಂದು ನನ್ನ ಭಾವನೆ. ಬ್ಲ್ಯಾಂಕ್ ಆದರೆ ಹ್ಯಾಮರ್ ಎದುರಾಳಿಗೆ ಹೋಗುತ್ತದೆ. ಒಲಿಂಪಿಕ್ಸ್ ಪಂದ್ಯದಲ್ಲಿ ನಾನೇ ನೋಡಿದ್ದೇನೆ.

ಅಂಪೈರ್ ಮೇಡಂ: ನೀವು ನೋಡಿದ್ದು ಮಿಕ್ಸೆಡ್ ಡಬಲ್ಸ್. 2018ರಲ್ಲಿ ಪ್ಯೊಂಗ್‌ಚಾಂಗ್‌ನಲ್ಲಿ ಒಲಿಂಪಿಕ್ಸಿಗೆ ಸೇರಿದ, ಕೆನಡಾದ ಕೇಟ್ಲಿನ್ ಲಾಸ್ ಮತ್ತು ಜಾನ್ ಮಾರಿಸ್ ಮೊದಲ ಚಿನ್ನ ಗೆದ್ದ ಆಟ ಅದು. ಅದರಲ್ಲಿ ತಂಡಕ್ಕೆ ಇಬ್ಬರೇ, ಎಂಡಿಗೆ ಐದೇ ಕಲ್ಲು, ಮೊದಲೇ ಇಟ್ಟಿರುವ ಕಲ್ಲೊಂದು ಬೇರೆ, ಬ್ಲ್ಯಾಂಕ್ ಆದರೆ ಹ್ಯಾಮರ್ ಕೈತಪ್ಪುತ್ತದೆ. ನೀವು ಆಡುತ್ತಿರುವುದು ನಾಲ್ವರ ಆಟ. ಎರಡನ್ನೂ ಬೆರೆಸಬೇಡಿ.

ಬಳ್ಳಾರಿಯ ಸದಸ್ಯ: ಸ್ವೀಪ್ ಮಾಡುವಾಗ ಬ್ರಶ್ ಕಲ್ಲಿಗೆ ತಾಗಿದರೆ ಏನು ಮಾಡಬೇಕು? ತಾಗಿಲ್ಲ ಎಂದು ಅವರು, ತಾಗಿತು ಎಂದು ನಾವು, ಹತ್ತು ನಿಮಿಷ ಇದರಲ್ಲೇ ಹೋಯಿತು.

ಅಂಪೈರ್ ಮೇಡಂ: ತಾಗಿಸಿದವರೇ ಒಡನೆ ಹೇಳಬೇಕು, ಈ ಆಟದ ಮರ್ಯಾದೆ ನಿಂತಿರುವುದೇ ಅದರ ಮೇಲೆ. ಕಲ್ಲು ಆಚೆಯ ಹಾಗ್ ಲೈನ್ ತಲಪುವ ಮೊದಲೇ ತಾಗಿದರೆ ಅಲ್ಲೇ ನಿಲ್ಲಿಸಿ ತೆಗೆದುಬಿಡಿ. ಹಾಗ್ ಲೈನ್ ದಾಟಿದ ಮೇಲೆ ತಾಗಿದರೆ ಮುಟ್ಟದೆ ಎಲ್ಲ ಕಲ್ಲುಗಳೂ ನಿಲ್ಲುವವರೆಗೆ ಕಾಯಿರಿ. ಆಮೇಲೆ ತಪ್ಪು ಮಾಡದ ತಂಡದ ಸ್ಕಿಪ್ ಆ ಕಲ್ಲನ್ನು ತೆಗೆಸಿ ಉಳಿದವನ್ನು ಮೊದಲಿದ್ದಲ್ಲಿ ಇಡಿಸಬಹುದು, ಎಲ್ಲವನ್ನೂ ನಿಂತಲ್ಲೇ ಬಿಡಬಹುದು, ಇಲ್ಲವೇ ತಾಗದಿದ್ದರೆ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿ ಇಡಿಸಬಹುದು. ಪಕ್ಕದ ಶೀಟಿನಿಂದ ನೋಡಿದವರ ಸಾಕ್ಷಿ ಲೆಕ್ಕಕ್ಕಿಲ್ಲ.

ಕೋಲಾರದ ಸದಸ್ಯೆ: ಮೇಡಂ, ಇದು ನಿಯಮದ ಪ್ರಶ್ನೆಯೋ ಅಲ್ಲವೋ ತಿಳಿಯದು. ಊರಿನಿಂದ ಬಂದಿರುವ ನಮ್ಮ ಮಾವನವರಿಗೆ ಅರವತ್ತಾರು ವರ್ಷ. ಮೊನ್ನೆ ಸ್ಪೇರ್ ಆಗಿ ಆಡಲು ಬಂದಿದ್ದರು. ಹೌಸಿನಲ್ಲಿ ನಿಂತಿದ್ದಾಗ ಎದುರಿನಿಂದ ಸ್ವೀಪ್ ಮಾಡುತ್ತ ಬಂದವರಿಗೆ ದಾರಿ ಬಿಡಲೆಂದು ಹಿಂದಕ್ಕೆ ಹೆಜ್ಜೆ ಇಟ್ಟರು. ಅಲ್ಲಿದ್ದ ಕಲ್ಲು ಹಿಮ್ಮಡಿಗೆ ತಾಗಿ ಅಂಗಾತ ಬಿದ್ದರು, ತಲೆಯ ಹಿಂಭಾಗ ಐಸಿಗೆ ಬಡಿಯಿತು. ರಕ್ತ ಬರಲಿಲ್ಲ. ಐದು ನಿಮಿಷ ಕೂತು, ಶುಂಠಿ ಚಹಾ ಕುಡಿದು, ಉಳಿದ ಎರಡು ಎಂಡುಗಳನ್ನೂ ಆಡಿದರು. ಈಗ ಸ್ವಲ್ಪ ತಲೆನೋವು ಎನ್ನುತ್ತಾರೆ. ಹೃದಯದ ತೊಂದರೆಗಾಗಿ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ.

ಗುಬ್ಬಿಯ ಸದಸ್ಯ: ಗಾಬರಿ ಬೇಡ ಅಕ್ಕ. ನನಗೆ ಬಂದ ಸಂದೇಶವೊಂದನ್ನು ಹಂಚಿಕೊಳ್ಳುತ್ತಿದ್ದೇನೆ: ತಲೆಗೆ ಪೆಟ್ಟು ಬಿದ್ದಾಗ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿ, ಪೆಟ್ಟಾದ ಜಾಗಕ್ಕೆ ಅರಿಸಿನ ಸುಣ್ಣ ಕಲಸಿ ಹಚ್ಚಿ, ನೆತ್ತಿಗೆ ಕೊಬ್ಬರಿ ಎಣ್ಣೆ ತಟ್ಟಿದರೆ ಬೆಳಗಾಗುವಷ್ಟರಲ್ಲಿ ಗುಣವಾಗುತ್ತದೆ. ಹಾಗೆಯೇ ಬೀಳದಿರಲು ಹ್ಯಾಕ್ (ಎಸೆಯುವಾಗ ಕಾಲೂರುವ ಮೆಟ್ಟು) ಬಳಿ ಮತ್ತು ಹೌಸಿನ ಹಿಂದೆ ಒಂದು ಹಿಡಿ ಉಪ್ಪು ಉದುರಿಸಬೇಕಂತೆ.

ಅಂಪೈರ್ ಮೇಡಂ: ಕೋಲಾರದವರೇ, ಇದನ್ನು ಓದಿದ ಕೂಡಲೇ ಅವರನ್ನು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ನಾನು ವೈದ್ಯಳಲ್ಲ, ಆದರೆ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ನಮಗೆ ಮತ್ತೆ ಮತ್ತೆ ಹೇಳಿಕೊಟ್ಟಿರುವುದೇನೆಂದರೆ, ವಯಸ್ಸು ಅರವತ್ತೈದು ದಾಟಿದ್ದು, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದು, ತಲೆಗೆ ಪೆಟ್ಟಾಗಿದ್ದರೆ ‘ನೋಡೋಣ’ ಎಂದು ಮನೆಯಲ್ಲಿ ಕಾಯುವಂತಿಲ್ಲ. ತಲೆಯೊಳಗೆ ನಿಧಾನವಾಗಿ ಜಿನುಗುವ ರಕ್ತ ಹೊರಗೆ ಕಾಣುವುದಿಲ್ಲ, ಲಕ್ಷಣಗಳು ಗಂಟೆಗಳೋ ದಿನಗಳೋ ಕಳೆದ ಮೇಲೆ ಬರಬಹುದು. ಹೊರಡುವ ಮೊದಲೇ ವಾಂತಿ, ತೊದಲು, ಕೈಕಾಲಿನ ಬಲಹೀನತೆ, ವಿಪರೀತ ಮಂಪರು ಅಥವಾ ಹೆಚ್ಚುತ್ತಲೇ ಇರುವ ತಲೆನೋವು ಕಂಡರೆ ಕಾರು ತೆಗೆಯಬೇಡಿ, 911ಕ್ಕೆ ಕರೆಮಾಡಿ. ಮಾತ್ರೆಯ ಹೆಸರನ್ನು ಬರೆದುಕೊಂಡು ಹೋಗಿ.

ಇನ್ನು ಲೀಗಿನ ಮಾತು. ಬಿದ್ದವರಿಗಿಂತ, ಅವರನ್ನು ಮತ್ತೆ ಆಡಲು ಬಿಟ್ಟ ಏಳು ಜನರ ಬಗ್ಗೆ ನನಗೆ ಹೆಚ್ಚು ಚಿಂತೆ. ಕಲ್ಲೊಂದರ ತೂಕ ಹದಿನೇಳರಿಂದ ಇಪ್ಪತ್ತು ಕಿಲೋ. ಹಿಮ್ಮಡಿ ತಾಗಿದರೆ ಅದು ಸರಿದು ದಾರಿ ಕೊಡುವುದಿಲ್ಲ, ನೀವೇ ಬೀಳುತ್ತೀರಿ. ಹಿಮ್ಮುಖವಾಗಿ ಬೀಳುವಾಗ ಕೈ ಊರಲು ಸಮಯವೂ ಸಿಗುವುದಿಲ್ಲ. ಆದ್ದರಿಂದ ಬೇರೆ ಯಾವ ನಿಯಮ ಬರೆಯದಿದ್ದರೂ ಇದನ್ನು ಬರೆಯಿರಿ: ತಲೆ ಐಸಿಗೆ ತಾಗಿದವರು ಆ ದಿನ ಮತ್ತೆ ಐಸಿನ ಮೇಲೆ ಕಾಲಿಡುವಂತಿಲ್ಲ, ಅವರು ‘ನಾನು ಚೆನ್ನಾಗಿದ್ದೇನೆ’ ಎಂದರೂ ಸರಿ, ಅವರೇ ಸ್ಕಿಪ್ ಆಗಿದ್ದರೂ ಸರಿ. ತೀರ್ಮಾನ ಅವರದ್ದಲ್ಲ, ಎರಡೂ ತಂಡದ ವೈಸ್‌ಗಳದ್ದು. ರಗ್ಬಿ ಆಡುತ್ತ ತಲೆಗೆ ಪೆಟ್ಟಾಗಿ 2013ರಲ್ಲಿ ತೀರಿಕೊಂಡ ಹದಿನೇಳರ ಹುಡುಗಿ ರೋವನ್ ಸ್ಟ್ರಿಂಗರ್ ಹೆಸರಿನಲ್ಲಿ ಈ ಪ್ರಾಂತ್ಯ 2018ರಲ್ಲಿ ಕಾನೂನನ್ನೇ ಮಾಡಿದೆ. ಅದು ಇಪ್ಪತ್ತಾರು ವರ್ಷದೊಳಗಿನ ಆಟಗಾರರಿಗೆ. ದೊಡ್ಡವರು ತಮ್ಮ ನಿಯಮವನ್ನು ತಾವೇ ಬರೆದುಕೊಳ್ಳಬೇಕು. ಹೊಸಬರು ಮತ್ತು ಹಿರಿಯರು ಹೆಲ್ಮೆಟ್ ಹಾಕಲಿ. ಐಸಿಗೆ ಮೊದಲು ಗ್ರಿಪ್ಪರ್ (ಜಾರದ ರಬ್ಬರ್ ತಳ) ಇರುವ ಕಾಲನ್ನೇ ಇಡಲಿ, ಸವೆದ ಗ್ರಿಪ್ಪರನ್ನು ಬದಲಾಯಿಸಲಿ, ಕಲ್ಲುಗಳ ನಡುವೆ ಹಿಂದೆ ನೋಡದೆ ಹಿಂದಕ್ಕೆ ನಡೆಯದಿರಲಿ.

ಗುಬ್ಬಿಯವರೇ, ಆ ಸಂದೇಶವನ್ನು ಅಳಿಸಿಹಾಕಿ. ಮಂಪರಿನಲ್ಲಿರುವವರ ಬಾಯಿಗೆ ಸಕ್ಕರೆ ಹಾಕಿದರೆ ಅದು ಶ್ವಾಸನಾಳಕ್ಕೆ ಹೋಗಬಹುದು. ಸುಣ್ಣ ಚರ್ಮವನ್ನು ಸುಡುತ್ತದೆ. ಉಪ್ಪಿನ ವಿಷಯಕ್ಕೆ ಬಂದರೆ, ಆ ಐಸಿನ ಮೇಲೆ ನೀರಿನ ಹನಿಗಳನ್ನು ಸಿಂಪಡಿಸಿ ಪೆಬಲ್ ಎಬ್ಬಿಸಿರುತ್ತಾರೆ, ಕಲ್ಲು ಓಡುವುದೂ ತಿರುಗುವುದೂ ಆ ಹನಿಗಳ ಮೇಲೆ. ಅಂಗೈ ಊರಿದರೇ ಕರಗಿ ಗುರುತು ಬೀಳುವ ಜಾಗಕ್ಕೆ ಹಿಡಿ ಉಪ್ಪು ಹಾಕಿದರೆ ಶೀಟು ಹಾಳಾಗುತ್ತದೆ, ಮತ್ತು ಕ್ಲಬ್ಬಿನವರು ನಿಮ್ಮೆಲ್ಲರನ್ನೂ ಹೊರಗೆ ಹಾಕುತ್ತಾರೆ.

ಗುಬ್ಬಿಯ ಸದಸ್ಯ: ಒಳ್ಳೆಯ ಉದ್ದೇಶದಿಂದ ಹಂಚಿಕೊಂಡದ್ದು. ನಮ್ಮ ಅಜ್ಜಿ ಸಕ್ಕರೆ ಹಾಕಿಯೇ ಎಷ್ಟೋ ಮಕ್ಕಳನ್ನು ಕಾಪಾಡಿದ್ದಾರೆ.

ಧಾರವಾಡದ ಸದಸ್ಯೆ: ನಿಮ್ಮ ಅಜ್ಜಿಯ ಕಾಲದಲ್ಲಿ ಯಾರು ಐಸಿನ ಮೇಲೆ ಬಿದ್ದಿದ್ದರು?

ಗುಬ್ಬಿಯ ಸದಸ್ಯ: ಹಿರಿಯರ ಬಗ್ಗೆ ಹಗುರವಾಗಿ ಮಾತನಾಡಬೇಡಿ.

ಮೈಸೂರಿನ ಸದಸ್ಯ: ಇವರ ಧಾಟಿಯೇ ಹಾಗೆ, ಬಿಡಿ.

ಧಾರವಾಡದ ಸದಸ್ಯೆ: ಹಾಗಾದರೆ ಮುಂದಿನ ಭಾನುವಾರ ಮೂವತ್ತಾರು ಸಲ ನೀವೇ ಗುಡಿಸಿ.

ನಿರ್ವಾಹಕಿ: ದಯವಿಟ್ಟು ವಿಷಯಕ್ಕೆ ಸೀಮಿತವಾಗಿರಿ.

ಉಡುಪಿಯ ಸದಸ್ಯೆ: ಬಗ್ಗಲಾಗದ ನನ್ನಂತಹವರು ಕೋಲಿನಿಂದ ಕಲ್ಲು ತಳ್ಳಬಹುದೆ?

ಅಂಪೈರ್ ಮೇಡಂ: ಧಾರಾಳವಾಗಿ. ಡೆಲಿವರಿ ಸ್ಟಿಕ್ ಅನ್ನು ವಿಶ್ವ ನಿಯಮವೂ ಒಪ್ಪುತ್ತದೆ. ನಿಮ್ಮ ಪಾದ ಈಚೆ ತುದಿಯ ಟೀ ಲೈನ್ (ಹೌಸಿನ ನಡುವೆ ಅಡ್ಡ ಹಾಯುವ ಗೆರೆ) ದಾಟುವ ಮೊದಲು ಕಲ್ಲು ಕೋಲಿನಿಂದ ಬಿಟ್ಟಿರಬೇಕು. ಇದನ್ನು ಕೀಳಾಗಿ ಕಾಣುವವರಿದ್ದರೆ ನನಗೆ ತಿಳಿಸಿ.

ಹಾವೇರಿಯ ಸದಸ್ಯ: ಎರಡು ಗಂಟೆಯಲ್ಲಿ ಎಂಟು ಎಂಡ್ ಮುಗಿಯುತ್ತಿಲ್ಲ. ಮುನ್ನಡೆಯಲ್ಲಿರುವವರು ಬೇಕೆಂದೇ ನಿಧಾನ ಮಾಡುತ್ತಾರೆ.

ಅಂಪೈರ್ ಮೇಡಂ: ಎಂಡಿಗೆ ಹದಿನೈದು ನಿಮಿಷ ಎಂದರೂ ಎಂಟಕ್ಕೆ ಎರಡು ಗಂಟೆ, ಅದೂ ಆಟ ಬಲ್ಲವರಿಗೆ. ನೀವು ಆರಕ್ಕೆ ನಿಲ್ಲಿಸಿ. ಒಂದು ಗಂಟೆ ನಲವತ್ತು ನಿಮಿಷಕ್ಕೆ ಗಂಟೆ ಬಾರಿಸಿ; ಆಮೇಲೆ ಹೊಸ ಎಂಡಿನ ಮೊದಲ ಕಲ್ಲು ಎಸೆಯುವಂತಿಲ್ಲ. ಸಮಬಲವಾದರೆ ಇಬ್ಬರಿಗೂ ಅರ್ಧರ್ಧ ಅಂಕ.

ರಾಯಚೂರಿನ ಸದಸ್ಯ: ವರ್ಷದ ಕೊನೆಯಲ್ಲಿ ಕಪ್ ಕೊಡುವುದೋ, ಊಟ ಹಾಕಿಸುವುದೋ?

ಚಿಕ್ಕಮಗಳೂರಿನ ಸದಸ್ಯೆ: ಸ್ವಂತ ಶೂ ಕೊಳ್ಳಬೇಕೆ, ಬಾಡಿಗೆಯದ್ದು ಸಾಕೆ?

ಬೀದರಿನ ಸದಸ್ಯ: ಮೇಡಂ, ಹ್ಯಾಮರ್ ವಿಷಯ ಸ್ವಲ್ಪ ಬಿಡಿಸಿ ಹೇಳುವಿರಾ?

ಅಂಪೈರ್ ಮೇಡಂ: ಮೂರನೆಯ ಬಾರಿ. ಓದಲು ಬರುವವರೇ ಈ ಬಳಗದಲ್ಲಿದ್ದಾರೆಂದು ನಂಬಿದ್ದೇನೆ.

ಬೀದರಿನ ಸದಸ್ಯ: ಕೇಳಿದ್ದೇ ತಪ್ಪಾಯಿತು, ಕ್ಷಮಿಸಿ.

ಅಂಪೈರ್ ಮೇಡಂ: ಕೋಲಾರದವರು ಇನ್ನೂ ಉತ್ತರಿಸಿಲ್ಲ. ಯಾರಾದರೂ ಅವರಿಗೆ ಫೋನ್ ಮಾಡಿ. ಅಲ್ಲಿಯವರೆಗೆ ಬೇರೆ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

ಕೋಲಾರದ ಸದಸ್ಯೆ: ಮೇಡಂ, ಆಸ್ಪತ್ರೆಯಿಂದ ಈಗ ಬಂದೆವು. ತಲೆಯ ಸ್ಕ್ಯಾನ್ ಮಾಡಿದರು. ರಕ್ತಸ್ರಾವವಿಲ್ಲ, ಕನ್ಕಷನ್ ಆಗಿದೆ, ಎರಡು ದಿನ ವಿಶ್ರಾಂತಿ ತೆಗೆದುಕೊಂಡು ಆಮೇಲೆ ನಿಧಾನವಾಗಿ ಓಡಾಡಲಿ, ವಾರದ ಬಳಿಕ ಮತ್ತೆ ಬನ್ನಿ ಎಂದಿದ್ದಾರೆ. ಭಾನುವಾರ ಬರೀ ಹೌಸಿನಲ್ಲಿ ನಿಂತು ಬ್ರಶ್ ಹಿಡಿಯುತ್ತೇನೆ, ಎಸೆಯುವುದಿಲ್ಲ ಎಂದು ಮಾವನವರು ಕೇಳುತ್ತಿದ್ದಾರೆ.

ಅಂಪೈರ್ ಮೇಡಂ: ಅವರು ಬಿದ್ದದ್ದು ಹೌಸಿನಲ್ಲಿ ನಿಂತಿದ್ದಾಗಲೇ. ಗಾಜಿನ ಈಚೆ ಕೂತು ಅಂಕ ಬರೆಯಲಿ.